ಊರಿನ ಮಗನೇ ಕೋಚ್ ಆಗಬೇಕಾ?

ಲಿಂಕನ್ ಕನ್ನಡಿಗ: ನಮ್ಮ ನೆಬ್ರಾಸ್ಕ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಹಳೇ ಹೆಡ್ ಕೋಚ್ ಸ್ಕಾಟ್ ಫ್ರಾಸ್ಟ್ ನೆನಪಾದರೆ ಈಗಲೂ ಸಂಕಟವಾಗುತ್ತದೆ. ನೆಬ್ರಾಸ್ಕದಲ್ಲೇ ಬೆಳೆದವರು. 1997ರಲ್ಲಿ ಇಲ್ಲಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಹಿಡಿದು ದಾಳಿ ನಡೆಸುವ ಆಟಗಾರ) ಆಗಿ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. 2017ರಲ್ಲಿ ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲಾರಿಡಾ (ಯುಸಿಎಫ್) ತಂಡ ಅವರ ಕೋಚಿಂಗ್‌ನಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಆಮೇಲೆ ನಮ್ಮಲ್ಲಿಗೆ ಬಂದರು. 16 ಗೆಲುವು, 31 ಸೋಲು. 2022ರ ಸೆಪ್ಟೆಂಬರ್‌ನಲ್ಲಿ ಕೆಲಸ ಹೋಯಿತು. ನಮ್ಮವನು ಅನ್ನೋ ಪ್ರೀತಿ ನೋಡಿ ಹೆಡ್ ಕೋಚ್ ಆರಿಸಬಾರದು ಅಂತ ನನಗನಿಸುತ್ತದೆ. ನೀವೇನಂತೀರಿ?

ಆನ್ ಆರ್ಬರ್ ಅಭಿಮಾನಿ: ನಾನು ಒಪ್ಪಲ್ಲ. ನಮ್ಮ ಮಿಶಿಗನ್‌ಗೆ ಕೋಚ್ ಆಗಿದ್ದ ಜಿಮ್ ಹಾರ್ಬಾ ಕೂಡ ಇಲ್ಲಿನ ಹಳೇ ಕ್ವಾರ್ಟರ್‌ಬ್ಯಾಕೇ ಅಲ್ವಾ? 2015ರಿಂದ 2019ರವರೆಗೆ ಬದ್ಧ ಎದುರಾಳಿ ಓಹಾಯೋ ಸ್ಟೇಟ್ ಎದುರು ಐದಕ್ಕೆ ಐದೂ ಸೋತರು. 2020ರಲ್ಲಿ ಗೆದ್ದಿದ್ದು ಎರಡೇ ಪಂದ್ಯ. ಕಾಲೇಜು ಸಂಬಳ ಕಡಿಮೆ ಮಾಡಿತು, ಆದರೆ ಕೈಬಿಡಲಿಲ್ಲ. ಮುಂದಿನ ವರ್ಷವೇ ಓಹಾಯೋ ಸ್ಟೇಟ್ ಸೋತಿತು. 2023ರಲ್ಲಿ ರಾಷ್ಟ್ರೀಯ ಪ್ರಶಸ್ತಿಯೂ ಬಂತು. ತಾಳ್ಮೆ ಇದ್ದರೆ ಊರಿನ ಮಗನೂ ಗೆಲ್ಲುತ್ತಾನೆ.

ಲಿಂಕನ್ ಕನ್ನಡಿಗ: ತಾಳ್ಮೆ ನಾವೂ ತೋರಿಸಿದೆವು ಮೇಡಂ. 2021ರಲ್ಲಿ ಒಂಬತ್ತು ಪಂದ್ಯ ಸೋತರು. ಒಂಬತ್ತರಲ್ಲೂ ಅಂತರ ಹತ್ತು ಪಾಯಿಂಟ್ ದಾಟಿರಲಿಲ್ಲ. ಇನ್ನೇನು ದಡ ಸೇರಿಬಿಡ್ತೀವಿ ಅಂತ ಇನ್ನೊಂದು ಅವಕಾಶ ಕೊಟ್ಟೆವು.

ಒರ್ಲಾಂಡೊ ಹುಡುಗ: ಸಾರ್, ಇಬ್ಬರೂ ನೆಲದ ಮಾತನ್ನೇ ಬಿಟ್ಟಿರಿ. ಯುಸಿಎಫ್ ಇರೋದು ಒರ್ಲಾಂಡೊದಲ್ಲಿ. ವೇಗದ ಆಟಗಾರರು ಕೈಗೆಟುಕುವ ದೂರದ ಹೈಸ್ಕೂಲ್‌ಗಳಲ್ಲೇ ಸಿಗುತ್ತಾರೆ. ಫ್ರಾಸ್ಟ್ ಆಡಿಸಿದ ಬಿರುಸಿನ ಆಟಕ್ಕೆ ಬೇಕಾದದ್ದೇ ಅದು. ನೆಬ್ರಾಸ್ಕದಲ್ಲಿ ಜನವೇ ಸುಮಾರು 20 ಲಕ್ಷ. ಆಟಗಾರರನ್ನು ದೂರದೂರದಿಂದ ಕರೆತರಬೇಕು. ಅದರ ಮೇಲೆ 2011ರಿಂದ ಬಿಗ್ ಟೆನ್ ಅನ್ನೋ ಲೀಗ್‌ನಲ್ಲಿ ಆಡುತ್ತಿದ್ದೀರಿ. ಅಲ್ಲಿ ಮುಂದಿನ ಸಾಲಿನಲ್ಲಿ ದಪ್ಪ, ಗಟ್ಟಿ ಹುಡುಗರಿಲ್ಲದೆ ಪಂದ್ಯ ಗೆಲ್ಲೋಕಾಗಲ್ಲ. ಕೋಚ್ ಅದೇ, ಪ್ಲೇಬುಕ್ ಅದೇ, ಸುತ್ತಲಿನದ್ದೆಲ್ಲ ಬೇರೆ. 2024ರ ಡಿಸೆಂಬರ್‌ನಲ್ಲಿ ಯುಸಿಎಫ್ ಅವರನ್ನು ವಾಪಸ್ ಕರೆದಾಗ ನನಗೆ ನಿಜವಾಗಿಯೂ ಖುಷಿಯಾಯಿತು.

ಪರ್ವತ ರಾಜ್ಯದವಳು: ಕೋಚ್ ರಿಚ್ ರಾಡ್ರಿಗಸ್ ಕತೆಯೂ ಹೀಗೇ. ವೆಸ್ಟ್ ವರ್ಜೀನಿಯಾದಲ್ಲಿ ಬೆಳೆದು, ಅಲ್ಲೇ ಸ್ಪ್ರೆಡ್ ಆಟ (ಆಟಗಾರರನ್ನು ಮೈದಾನದ ಅಗಲಕ್ಕೆ ಹರಡಿ, ಕ್ವಾರ್ಟರ್‌ಬ್ಯಾಕ್‌ನನ್ನೂ ಓಡಿಸುವ ಶೈಲಿ) ಕಟ್ಟಿ ಗೆದ್ದರು. 2008ರಲ್ಲಿ ಮಿಶಿಗನ್‌ಗೆ ಹೋದರು. ಅಲ್ಲಿದ್ದ ಕ್ವಾರ್ಟರ್‌ಬ್ಯಾಕ್ ರಯನ್ ಮ್ಯಾಲೆಟ್ ನಿಂತಲ್ಲಿಂದ ಚೆಂಡು ಎಸೆಯುವ ಆಟಗಾರ, ಓಡುವವರಲ್ಲ. ಆತ ಆರ್ಕನ್ಸಾಗೆ ಹೊರಟುಹೋದರು. ಮೊದಲ ವರ್ಷ ಮೂರು ಗೆಲುವು, ಒಂಬತ್ತು ಸೋಲು. ಮೂರು ವರ್ಷಕ್ಕೆ ಮನೆಗೆ ಕಳಿಸಿದರು. ಅಕ್ಕ, ಹಾರ್ಬಾಗೆ ತೋರಿಸಿದ ತಾಳ್ಮೆ ಅವರಿಗೆ ಯಾಕೆ ಸಿಗಲಿಲ್ಲ?

ಆನ್ ಆರ್ಬರ್ ಅಭಿಮಾನಿ: ನ್ಯಾಯವಾದ ಪ್ರಶ್ನೆ. ಹೊರಗಿನವರು ಅಂತ ಮೊದಲ ದಿನದಿಂದಲೂ ಅನುಮಾನ ಇತ್ತು. ಅದಕ್ಕೇ ಹೇಳೋದು, ಊರಿನ ನಂಟು ಪಂದ್ಯ ಗೆಲ್ಲಿಸದೇ ಇರಬಹುದು, ಆದರೆ ಸೋತಾಗ ಕಾಲಾವಕಾಶ ಕೊಡಿಸುತ್ತದೆ.

ಬ್ಲೂಮಿಂಗ್ಟನ್ ವಿದ್ಯಾರ್ಥಿ: ನಮ್ಮ ಇಂಡಿಯಾನಾಗೆ ಬನ್ನಿ. ಕೋಚ್ ಕರ್ಟ್ ಸಿಗ್ನೆಟಿಗೆ ಈ ಊರಿನ ನಂಟೇ ಇರಲಿಲ್ಲ. 2023ರ ಕೊನೆಯಲ್ಲಿ ಬಂದಾಗ ವಯಸ್ಸು 62. ತಂಡ ಆ ವರ್ಷ ಗೆದ್ದಿದ್ದು ಮೂರೇ ಪಂದ್ಯ. ಹಿಂದಿನ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಲ್ಲಿ ತಾವು ಪಳಗಿಸಿದ ಹುಡುಗರನ್ನು ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಕಾಲೇಜು ಬದಲಿಸುವ ವ್ಯವಸ್ಥೆ) ಮೂಲಕ ಜೊತೆಗೇ ಕರೆತಂದರು. 2024ರಲ್ಲಿ 11 ಗೆಲುವು, ಪ್ಲೇಆಫ್. 2025ರ ಸೀಸನ್‌ನಲ್ಲಿ 16-0, ರಾಷ್ಟ್ರೀಯ ಚಾಂಪಿಯನ್! ಕೋಚ್ ತನಗೆ ಬೇಕಾದ ತಂಡವನ್ನು ಹೊತ್ತೇ ತರುವ ಕಾಲ ಇದು. ನೆಲ, ನಂಟು ಅಂತ ಇನ್ನೂ ಕೂರೋದು ಸರಿಯಲ್ಲ.

ಒರ್ಲಾಂಡೊ ಹುಡುಗ: ಪೋರ್ಟಲ್ ಎಲ್ಲರಿಗೂ ಇದೆ, ಎಲ್ಲರೂ ಗೆಲ್ಲುತ್ತಿಲ್ಲವಲ್ಲ. ಸಿಗ್ನೆಟಿ ಸಣ್ಣ ಕಾಲೇಜುಗಳಲ್ಲಿ ವರ್ಷಗಟ್ಟಲೆ ಗೆದ್ದು ಬಂದವರು. ಹೆಸರಿಲ್ಲದ ಹುಡುಗರಲ್ಲಿ ಆಟಗಾರನನ್ನು ಗುರುತಿಸೋದು ಅವರಿಗೆ ಗೊತ್ತು. ಇಂಡಿಯಾನಾಗೆ ಬೇಕಿದ್ದುದು ಆ ಕಣ್ಣೇ. ದೊಡ್ಡ ಹೆಸರಿಗೆ ದುಡ್ಡು ಸುರಿದವರ ಗತಿ ನೋಡಿ. ಟೆಕ್ಸಸ್ ಎ ಅಂಡ್ ಎಂ ಕಾಲೇಜು 2023ರಲ್ಲಿ ಕೋಚ್ ಜಿಂಬೋ ಫಿಷರ್ ಅವರನ್ನು ಕೆಲಸದಿಂದ ಕಳಿಸೋಕೆ ಸುಮಾರು 7.6 ಕೋಟಿ ಡಾಲರ್ ಕೊಡಬೇಕಾಯಿತು.

ಲಿಂಕನ್ ಕನ್ನಡಿಗ: ಹಾಗಾದರೆ ಫ್ರಾಸ್ಟ್ ನಂತರ ಬಂದ ನಮ್ಮ ಕೋಚ್ ಮ್ಯಾಟ್ ರೂಲ್ ಸರಿಯಾದ ಆಯ್ಕೆ ಅನ್ನಬೇಕು. ಬೇಲರ್ ಕಾಲೇಜಿನಲ್ಲಿ 2017ರಲ್ಲಿ ಒಂದೇ ಗೆಲುವು, 2019ರಲ್ಲಿ 11. ನೆಲಸಮವಾದ ತಂಡ ಎಬ್ಬಿಸೋದೇ ಅವರ ಕಸುಬು.

ಪರ್ವತ ರಾಜ್ಯದವಳು: ಎಬ್ಬಿಸೋದರಲ್ಲಿ ನನಗೂ ಅನುಮಾನವಿಲ್ಲ ಸಾರ್. ಆದರೆ ಬೇಲರ್ ಇರೋದು ಟೆಕ್ಸಸ್‌ನಲ್ಲಿ, ಅಲ್ಲಿ ಆಟಗಾರರು ಹತ್ತಿರದಲ್ಲೇ ಸಿಗುತ್ತಾರೆ. ಒರ್ಲಾಂಡೊದವರು ಹೇಳಿದ ನೆಲದ ಪ್ರಶ್ನೆ ನೆಬ್ರಾಸ್ಕದಲ್ಲಿ ರೂಲ್‌ಗೂ ಇದ್ದೇ ಇದೆ.