ಶಾಸ್ತ್ರೋತ್ಸವಕ್ಕೆ ವಿದ್ಯುತ್ಕಾಂತ, ಸಣ್ಣ ಮೋಟರು: ತಿಳಿದವರು ದಯವಿಟ್ಟು ಹೇಳಿ

ಪ್ರಶ್ನೆ: ಯು.ಪಿ. ಶಾಲೆಯ ಟೀಚರ್, ಬದಿಯಡ್ಕ ಕಡೆಯಿಂದ

ನಮ್ಮ ಏಳನೆಯ ತರಗತಿಯ ಮಕ್ಕಳು ಉಪಜಿಲ್ಲಾ ಶಾಸ್ತ್ರೋತ್ಸವದ (ಶಾಲಾ ವಿಜ್ಞಾನ ಮೇಳದ) ವರ್ಕಿಂಗ್ ಮಾಡೆಲಿಗೆ ಒಂದು ವಿದ್ಯುತ್ಕಾಂತ ಮತ್ತು ಒಂದು ಸಣ್ಣ ಮೋಟರು ಮಾಡುತ್ತಿದ್ದಾರೆ. ಬೋಲ್ಟಿಗೆ ಸುಮಾರು 40 ಸುತ್ತು ತಂತಿ ಸುತ್ತಿದ್ದೇವೆ. ನಾಲ್ಕೈದು ಗುಂಡುಸೂಜಿ ಎತ್ತುತ್ತದೆ ಅಷ್ಟೆ, ಸೆಲ್ ಮಾತ್ರ ಬೇಗ ಬಿಸಿಯಾಗುತ್ತದೆ. ಮೋಟರಿನ ಸುರುಳಿ ಒಮ್ಮೆ ಅಲುಗಾಡಿ ನಿಂತುಬಿಡುತ್ತದೆ. ತಂತಿಯ ಮೇಲಿನ ಎನಾಮಲ್ (ಕರೆಂಟು ಹೋಗಲು ಬಿಡದ ತೆಳು ಲೇಪ) ಒಂದು ತುದಿಯಲ್ಲಿ ಪೂರ್ತಿ, ಇನ್ನೊಂದು ತುದಿಯಲ್ಲಿ ಅರ್ಧ ಕೆರೆದಿದ್ದೇವೆ, ಆದರೂ ಸುತ್ತುವುದಿಲ್ಲ. ಇನ್ನೊಂದು ವಿಷಯ: ತೋಟದ ಪಂಪು ಕೂಡ ಹೀಗೇ ಸುತ್ತುವುದಾ ಎಂದು ಯಾರಾದರೂ ಕೇಳಿದರೆ ಮಕ್ಕಳು ಏನು ಹೇಳಬೇಕು?

ಮುಳ್ಳೇರಿಯದಿಂದ, ಮೋಟರ್ ವೈಂಡಿಂಗ್ ಕೆಲಸದವರು

ಟೀಚರೇ, ವಿದ್ಯುತ್ಕಾಂತದ ಬಗ್ಗೆ ನಾನು ಹೇಳುತ್ತೇನೆ. 40 ಸುತ್ತಿಗೆ ಬೇಕಾಗುವುದು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ತಂತಿ, ಅದಕ್ಕೆ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಇಲ್ಲವೆಂದೇ ಹೇಳಬಹುದು. ಸೆಲ್ಲನ್ನು ಶಾರ್ಟ್ ಮಾಡಿದ ಹಾಗೆ ಆಗುತ್ತದೆ. ಶಕ್ತಿ ಸೆಲ್ಲಿನ ಒಳಗೇ ಬಿಸಿಯಾಗಿ ಹೋಗುತ್ತದೆ, ಬೋಲ್ಟಿಗೆ ಸಿಗುವುದಿಲ್ಲ.

8 ಮಿ.ಮೀ. ದಪ್ಪದ, 3 ಇಂಚು ಉದ್ದದ ಮಾಮೂಲಿ ಎಂ.ಎಸ್. (ಮೃದು ಉಕ್ಕಿನ) ಬೋಲ್ಟ್ ತೆಗೆದುಕೊಳ್ಳಿ. ಅದರ ಮೇಲೆ ಒಂದು ಸುತ್ತು ಇನ್ಸುಲೇಶನ್ ಟೇಪ್ ಹಾಕಲೇಬೇಕು, ಇಲ್ಲದಿದ್ದರೆ ಥ್ರೆಡ್ಡಿನ ಅಂಚು ಎನಾಮಲ್ ಕೊಯ್ದು ಸುತ್ತು ಸುತ್ತಿಗೇ ಶಾರ್ಟ್ ಆಗುತ್ತದೆ. ತಂತಿ 28 ಗೇಜ್ (ಗೇಜ್ ಅಂದರೆ ತಂತಿಯ ದಪ್ಪದ ಅಳತೆ) ಎನಾಮಲ್ ತಾಮ್ರದ್ದು. 5 ಸೆಂ.ಮೀ. ಜಾಗದಲ್ಲಿ ಒತ್ತಾಗಿ ಸುತ್ತಿದರೆ ಒಂದು ಪದರದಲ್ಲಿ ಸುಮಾರು 120 ಸುತ್ತು ಕೂರುತ್ತದೆ. ಎರಡು ಪದರ, 240 ಸುತ್ತು. ತಂತಿ ಏಳೂವರೆ ಮೀಟರ್ ಬೇಕು, ತೂಕದಲ್ಲಿ 10 ಗ್ರಾಂ ಕೂಡ ಇಲ್ಲ. ರೆಸಿಸ್ಟೆನ್ಸ್ ಒಂದು ಓಮಿಗಿಂತ ಸ್ವಲ್ಪ ಮೇಲೆ ಬರುತ್ತದೆ, ದೊಡ್ಡ ಟಾರ್ಚ್ ಸೆಲ್ ಒಂದರಿಂದ ಸುಮಾರು ಒಂದು ಆಂಪಿಯರ್ ಹರಿಯುತ್ತದೆ.

ಎರಡನೆಯ ಪದರದಲ್ಲಿ ಮಕ್ಕಳು ಹೆಚ್ಚಾಗಿ ತಪ್ಪುವುದುಂಟು. ಹಿಂದಕ್ಕೆ ಬರುವಾಗಲೂ ಬೋಲ್ಟನ್ನು ಮೊದಲು ತಿರುಗಿಸಿದ ದಿಕ್ಕಿಗೇ ತಿರುಗಿಸಬೇಕು. ದಿಕ್ಕು ಉಲ್ಟಾ ಆದರೆ ಮೇಲಿನ ಪದರ ಕೆಳಗಿನ ಪದರದ ಬಲವನ್ನು ತಿಂದುಹಾಕುತ್ತದೆ, 240 ಸುತ್ತಿದ್ದರೂ ಒಂದು ಸೂಜಿ ಏಳುವುದಿಲ್ಲ.

ಇನ್ನೂ ಸುತ್ತು ಹೆಚ್ಚಿಸಿದರೆ ಬಲವೂ ಅಷ್ಟೇ ಹೆಚ್ಚುತ್ತದೆ ಎಂದು ಹೇಳಿಕೊಡಬೇಡಿ. ಬಲ ನಿಂತಿರುವುದು ಸುತ್ತು ಗುಣಿಸು ಕರೆಂಟಿನ ಮೇಲೆ. ಅದೇ ತಂತಿಯಲ್ಲಿ ಸುತ್ತು ಎರಡು ಪಾಲು ಮಾಡಿದರೆ ರೆಸಿಸ್ಟೆನ್ಸೂ ಎರಡು ಪಾಲು, ಕರೆಂಟು ಅರ್ಧ, ಗುಣಿಸಿದರೆ ಮೊದಲಿನಷ್ಟೇ. ನಿಮ್ಮ 40 ಸುತ್ತಿನಲ್ಲಿ ಸೆಲ್ಲಿನ ಒಳಗೇ ಹೆಚ್ಚು ನಷ್ಟ ಆಗುತ್ತಿದೆ, ಅದಕ್ಕಾಗಿ ಈಗ ಸುತ್ತು ಹೆಚ್ಚಿಸಿದರೆ ಲಾಭ ಉಂಟು. 240 ದಾಟಿದ ಮೇಲೆ ಸೆಲ್ ಬಾಳಿಕೆ ಬರುತ್ತದೆ, ಬಿಸಿ ಕಡಿಮೆಯಾಗುತ್ತದೆ, ಬಲ ಹೆಚ್ಚೇನೂ ಏರುವುದಿಲ್ಲ.

ಬೋಲ್ಟಿನ ತಲೆಯ ಮೇಲೆ 8.8 ಎಂದು ಅಚ್ಚಿದ್ದರೆ ಅದು ಬೇಡ. ಗಟ್ಟಿ ಉಕ್ಕು, ಸ್ವಿಚ್ ತೆಗೆದ ಮೇಲೂ ಸೂಜಿ ಅಂಟಿಕೊಂಡೇ ಇರುತ್ತದೆ. ಸ್ಟೇನ್‌ಲೆಸ್ ಬೋಲ್ಟೂ ಬೇಡ, ಅದರಲ್ಲಿ ಸಾಮಾನ್ಯವಾಗಿ ಸಿಗುವ 304 ಜಾತಿಯದ್ದು ಮ್ಯಾಗ್ನೆಟಿಗೆ ಹಿಡಿಯುವುದೇ ಇಲ್ಲ ಎನ್ನಬಹುದು. ಸತು ಲೇಪ ಇಲ್ಲದ ಕಪ್ಪು ಬೋಲ್ಟನ್ನು ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ಬೂದಿಯೊಳಗೇ ನಿಧಾನ ಆರಲು ಬಿಟ್ಟರೆ ಕಬ್ಬಿಣ ಮೃದುವಾಗುತ್ತದೆ. ಲೇಪ ಇರುವುದನ್ನು ಕಾಯಿಸಬಾರದು, ಹೊಗೆ ಒಳ್ಳೆಯದಲ್ಲ. ಎತ್ತುವ ತುದಿಯನ್ನು ಅರದಿಂದ ಚಪ್ಪಟೆಯಾಗಿ ಉಜ್ಜಿ. ತುಕ್ಕಿನ, ಬಣ್ಣದ ತೆಳು ಪದರವೂ ಬಲವನ್ನು ಬಹಳ ಕುಗ್ಗಿಸುತ್ತದೆ.

ಕುಂಬಳೆಯಿಂದ, ಹೈಯರ್ ಸೆಕೆಂಡರಿ ಭೌತಶಾಸ್ತ್ರ

ಮೋಟರಿನ ವಿಷಯ ನಾನು ಹೇಳುವೆ. ಟೀಚರೇ, ಅರ್ಧ ಕೆರೆದದ್ದು ಸರಿ, ಆದರೆ ಯಾವ ಅರ್ಧ ಎಂಬುದು ಮುಖ್ಯ. ಹತ್ತರಲ್ಲಿ ಒಂಬತ್ತು ಮಾಡೆಲ್ ನಿಲ್ಲುವುದು ಇಲ್ಲಿಯೇ.

24 ಅಥವಾ 26 ಗೇಜ್ ತಂತಿಯನ್ನು ದೊಡ್ಡ ಟಾರ್ಚ್ ಸೆಲ್ಲಿನ ಸುತ್ತ 15 ಸುತ್ತು ಸುತ್ತಿ, ಎರಡೂ ತುದಿಗಳನ್ನು ಎದುರುಬದುರಾಗಿ 4 ಸೆಂ.ಮೀ. ಹೊರಗೆ ನೇರ ಬಿಡಿ. ಈಗ ಸುರುಳಿಯನ್ನು ಮೇಜಿನ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ, ರೊಟ್ಟಿಯ ಹಾಗೆ ಮಲಗಿಸಬೇಡಿ. ಹಾಗೆ ನಿಂತಿರುವಾಗ ಒಂದು ತುದಿಯ ಮೇಲ್ಭಾಗವನ್ನು ಮಾತ್ರ ಬ್ಲೇಡಿನಿಂದ ಕೆರೆಯಿರಿ. ಇನ್ನೊಂದು ತುದಿಯನ್ನು ಸುತ್ತಲೂ ಪೂರ್ತಿ ಕೆರೆಯಿರಿ.

ಮ್ಯಾಗ್ನೆಟ್ ಸುರುಳಿಯ ಕೆಳಗಿದೆ, ಅದರ ಕ್ಷೇತ್ರ ಮೇಲ್ಮುಖವಾಗಿಯೋ ಕೆಳಮುಖವಾಗಿಯೋ ಇರುತ್ತದೆ. ಸುರುಳಿ ನೆಟ್ಟಗೆ ನಿಂತಾಗ ತಿರುಗಿಸುವ ಬಲ ಅತಿ ಹೆಚ್ಚು, ಮಲಗಿದಾಗ ಸೊನ್ನೆ. ಮಲಗಿದ ಸ್ಥಿತಿ ದಾಟಿದ ಮೇಲೂ ಕರೆಂಟು ಹಾಗೇ ಹರಿಯುತ್ತಿದ್ದರೆ ಬಲ ಉಲ್ಟಾ ಆಗಿ ಸುರುಳಿಯನ್ನು ಹಿಂದಕ್ಕೆ ಎಳೆಯುತ್ತದೆ, ಅದಕ್ಕೇ ಅಲುಗಾಡಿ ನಿಲ್ಲುವುದು. ಆ ಅರ್ಧ ಸುತ್ತಿನಲ್ಲಿ ಎನಾಮಲ್ ಕರೆಂಟನ್ನು ತಡೆಯಬೇಕು, ಸುರುಳಿ ಬಂದ ವೇಗದಲ್ಲೇ ದಾಟಿಹೋಗಬೇಕು. ಮಲಗಿಸಿ ಕೆರೆದರೆ ಕರೆಂಟು ಹರಿಯುವ ಹೊತ್ತಿನಲ್ಲಿ ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ ತಳ್ಳಿ ಲೆಕ್ಕ ಸೊನ್ನೆಯಾಗುತ್ತದೆ.

ಕೆರೆಯಬಾರದ ಕಡೆ ಬ್ಲೇಡ್ ತಾಗಿದ್ದರೆ ಅಲ್ಲಿಗೆ ಉಗುರಿಗೆ ಹಚ್ಚುವ ನೈಲ್ ಪಾಲಿಶ್ ಬಳಿದು ಒಣಗಿಸಿ, ಸಾಕು. ಎನಾಮಲ್ ಕೂಡ ತಾಮ್ರದ ಬಣ್ಣದ್ದೇ ಆಗಿರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ, ಮಲ್ಟಿಮೀಟರ್ ಹಿಡಿದೇ ನೋಡಬೇಕು. ಬೆಂಕಿಕಡ್ಡಿಯಲ್ಲಿ ಸುಟ್ಟರೆ ಮಸಿ ಉಳಿಯುತ್ತದೆ, ಮತ್ತೆ ಸ್ಯಾಂಡ್ ಪೇಪರ್ ಹಾಕಬೇಕು.

ಎರಡು ಸೇಫ್ಟಿ ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಅವುಗಳ ತೂತಿನಲ್ಲಿ ತಂತಿ ಕೂರಿಸಿ. ಸೆಲ್ಲಿನ ಮೇಲೆ ಫೆರೈಟ್ ಮ್ಯಾಗ್ನೆಟ್, ಅದಕ್ಕೂ ಸುರುಳಿಗೂ 5 ರಿಂದ 8 ಮಿ.ಮೀ. ಅಂತರ. ಕೈಯಲ್ಲಿ ಸುತ್ತಿಸಿ ಬಿಟ್ಟಾಗ ಪ್ರತಿ ಸಲ ಒಂದೇ ಬದಿ ಕೆಳಗೆ ಬಂದರೆ ಸುರುಳಿಯ ತೂಕ ಸರಿಯಿಲ್ಲ, ತಂತಿಗಳನ್ನು ಸರಿಯಾಗಿ ನಡುವಿಗೆ ತನ್ನಿ. ಈ ಸುರುಳಿಯ ರೆಸಿಸ್ಟೆನ್ಸ್ 0.1 ರಿಂದ 0.2 ಓಮ್ ಮಾತ್ರ. ಸುತ್ತದೆ ನಿಂತಿದ್ದರೆ ತಕ್ಷಣ ಸುರುಳಿಯನ್ನು ತೆಗೆಯಿರಿ.

ಹಳೆ ಲ್ಯಾಪ್‌ಟಾಪ್ ಅಥವಾ ಪವರ್ ಬ್ಯಾಂಕಿನ ಲಿಥಿಯಂ ಸೆಲ್ ಇದಕ್ಕೆ ಖಂಡಿತ ಬೇಡ. ಇಷ್ಟು ಕಡಿಮೆ ರೆಸಿಸ್ಟೆನ್ಸಿಗೆ ಅದು ಹತ್ತಾರು ಆಂಪಿಯರ್ ಕೊಟ್ಟು ಬೆಂಕಿ ಹಿಡಿಯಬಹುದು. ಬೈಕಿನ ಬ್ಯಾಟರಿಯೂ ಹಾಗೆಯೇ. ಮೊಬೈಲ್ ಚಾರ್ಜರ್ ಹಾಕಿದರೆ ಓವರ್‌ಲೋಡ್ ಆಗಿ ಆಫ್ ಆಗುತ್ತದೆ. ಮನೆಯ 230 ವೋಲ್ಟಿನ ಹತ್ತಿರ ಮಕ್ಕಳು ಹೋಗಲೇಬಾರದು.

ಇತಿಹಾಸ ಕೇಳಿದರೆ ಇಷ್ಟು ಸಾಕು: ಕರೆಂಟು ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆ ಎಂದು ಅರ್ಸ್ಟೆಡ್ ತೋರಿಸಿದ್ದು 1820ರಲ್ಲಿ, ಫ್ಯಾರಡೆ ತಂತಿಯನ್ನೇ ಮ್ಯಾಗ್ನೆಟಿನ ಸುತ್ತ ತಿರುಗಿಸಿದ್ದು 1821ರಲ್ಲಿ, ಸ್ಟರ್ಜನ್ ವಿದ್ಯುತ್ಕಾಂತ ಮಾಡಿದ್ದು 1825ರಲ್ಲಿ.

ಪೈವಳಿಕೆಯಿಂದ, ಪಂಪು ರಿಪೇರಿಯವರು

ತೋಟದ ಪಂಪಿನ ಪ್ರಶ್ನೆಗೆ ಮಕ್ಕಳು "ತತ್ವ ಒಂದೇ, ದಾರಿ ಬೇರೆ" ಎಂದು ಶುರು ಮಾಡಲಿ. ಕರೆಂಟು ಹರಿಯುವ ತಂತಿಯನ್ನು ಮ್ಯಾಗ್ನೆಟಿನ ಕ್ಷೇತ್ರ ತಳ್ಳುವುದು ಎರಡರಲ್ಲೂ ಉಂಟು. ಆದರೆ ಪಂಪಿನಲ್ಲಿ ಮ್ಯಾಗ್ನೆಟ್ ತುಂಡಿಲ್ಲ, ಕೆರೆದ ತಂತಿಯೂ ಇಲ್ಲ. ಹೊರಗಿನ ವೈಂಡಿಂಗಿನಲ್ಲಿ ಎ.ಸಿ. ಹರಿದು ಕ್ಷೇತ್ರವೇ ಸುತ್ತುತ್ತದೆ. 50 ಸೈಕಲ್ ಕರೆಂಟಿಗೆ ಎರಡು ಪೋಲಿನ (ಧ್ರುವದ) ಮೋಟರಿನಲ್ಲಿ ಆ ಕ್ಷೇತ್ರ ನಿಮಿಷಕ್ಕೆ 3000 ಸುತ್ತು. ನಡುವಿನ ರೋಟರಿನ (ತಿರುಗುವ ಭಾಗದ) ಸರಳುಗಳಲ್ಲಿ ಅದು ತಾನಾಗಿ ಕರೆಂಟು ಹುಟ್ಟಿಸಿ ರೋಟರನ್ನು ಎಳೆದುಕೊಂಡು ಹೋಗುತ್ತದೆ. ರೋಟರು ಯಾವಾಗಲೂ ಸ್ವಲ್ಪ ಹಿಂದೆಯೇ ಇರಬೇಕು, ಸಮವಾಗಿ ಓಡಿದರೆ ಸರಳಿನಲ್ಲಿ ಕರೆಂಟೇ ಹುಟ್ಟುವುದಿಲ್ಲ. ಅದಕ್ಕೇ ನೇಮ್ ಪ್ಲೇಟಿನಲ್ಲಿ 2850, 2880 ಎಂದೆಲ್ಲ ಇರುವುದು.

ಸಿಂಗಲ್ ಫೇಸಿನಲ್ಲಿ ಒಂದೇ ವೈಂಡಿಂಗ್ ಇದ್ದರೆ ಕ್ಷೇತ್ರ ಮುಂದೆ ಹಿಂದೆ ಆಡುತ್ತದೆ, ಸುತ್ತುವುದಿಲ್ಲ. ಎರಡನೆಯ ವೈಂಡಿಂಗಿಗೆ ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಬಿಡುವ ಭಾಗ) ಹಾಕಿ ಅದರ ಕರೆಂಟಿನ ಹೊತ್ತು ಬದಲಿಸಿದಾಗ ಸ್ಟಾರ್ಟ್ ಆಗುತ್ತದೆ. ಕೆಪಾಸಿಟರ್ ಸತ್ತರೆ ಪಂಪು ಗುಂಯ್ ಎನ್ನುತ್ತಾ ನಿಲ್ಲುವುದು ಇದೇ ಕಾರಣಕ್ಕೆ. ಬದಲಿಸುವಾಗ ಪ್ಯಾನೆಲ್ ಬೋರ್ಡಿನಲ್ಲಿ ಬರೆದಷ್ಟೇ ಮೈಕ್ರೋಫ್ಯಾರಡ್ (ಕೆಪಾಸಿಟರಿನ ಅಳತೆ) ಇರುವುದನ್ನೇ ಹಾಕಬೇಕು.

ಬೇಸಿಗೆಯಲ್ಲಿ ಅಡಿಕೆ ತೋಟಗಳ ಪಂಪೆಲ್ಲ ಒಟ್ಟಿಗೆ ಓಡಿ ವೋಲ್ಟೇಜ್ ಇಳಿದಾಗಲೂ ಅದೇ ಗುಂಯ್ ಶಬ್ದ ಬರುತ್ತದೆ. ತಿರುಗಿಸುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ: 230 ಇದ್ದದ್ದು 160 ಆದರೆ ಬಲ ಅರ್ಧಕ್ಕಿಂತ ಕಡಿಮೆ. ನಿಂತ ಮೋಟರು ಮಾಮೂಲಿಗಿಂತ ಹಲವು ಪಾಲು ಹೆಚ್ಚು ಕರೆಂಟು ಎಳೆದು ವೈಂಡಿಂಗ್ ಸುಟ್ಟುಹೋಗುತ್ತದೆ.

ಇದನ್ನು ಮಕ್ಕಳು ಅಪಾಯವಿಲ್ಲದೆ ತೋರಿಸಬಹುದು. ಹಳೆ ಆಟಿಕೆ ಕಾರಿನ ಮೋಟರಿಗೆ ಎರಡು ಸೆಲ್, ಜೊತೆಗೆ ಮಲ್ಟಿಮೀಟರಿನ 10 ಆಂಪಿಯರ್ ರೇಂಜ್ ಸೀರೀಸಿನಲ್ಲಿ ಹಾಕಿ. ಓಡುವಾಗ ರೀಡಿಂಗ್ ನೋಡಿ, ಮತ್ತೆ ಶಾಫ್ಟನ್ನು ಎರಡು ಸೆಕೆಂಡ್ ಬೆರಳಿನಲ್ಲಿ ಹಿಡಿಯಿರಿ, ರೀಡಿಂಗ್ ಹಾರಿ ಏರುತ್ತದೆ. ತಿರುಗುವ ಸುರುಳಿ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತಿತ್ತು, ನಿಂತಾಗ ಅದು ಇಲ್ಲ.

ಟೀಚರ್, ಬದಿಯಡ್ಕ

ಎಲ್ಲರಿಗೂ ತುಂಬ ಉಪಕಾರ. ಸುರುಳಿ ನಿಲ್ಲಿಸಿ ಕೆರೆದ ಮೇಲೆ ಸುತ್ತುತ್ತದೆ! ದಿಕ್ಕು ಬದಲಿಸಿ ತೋರಿಸುವುದು ಹೇಗೆ?

ಪೈವಳಿಕೆಯಿಂದ

ಸೆಲ್ಲನ್ನು ತಿರುಗಿಸಿ ಅಥವಾ ಮ್ಯಾಗ್ನೆಟನ್ನು ಮಗುಚಿ, ಎರಡರಲ್ಲಿ ಒಂದು ಮಾತ್ರ. ಎರಡನ್ನೂ ಮಾಡಿದರೆ ದಿಕ್ಕು ಮೊದಲಿನದ್ದೇ. ಸಿಂಗಲ್ ಫೇಸ್ ಪಂಪಿನಲ್ಲಿ ಪ್ಲಗ್ ಉಲ್ಟಾ ಹಾಕಿದರೆ ದಿಕ್ಕು ಬದಲಾಗುವುದಿಲ್ಲ, ಒಳಗಿನ ಎರಡು ವೈಂಡಿಂಗಿನಲ್ಲಿ ಒಂದರ ತುದಿ ಮಾತ್ರ ಅದಲು ಬದಲು ಮಾಡಬೇಕು. ಮೂರು ಫೇಸಿನಲ್ಲಿ ಯಾವ ಎರಡು ವಯರ್ ಬದಲಿಸಿದರೂ ಉಲ್ಟಾ ತಿರುಗುತ್ತದೆ. ಲೈನಿನ ಕೆಲಸ ಆದ ಮೇಲೆ ಮೂರು ಫೇಸ್ ಪಂಪು ಓಡಿದರೂ ನೀರು ಕಡಿಮೆ ಬಂದರೆ ಮೊದಲು ನೋಡಬೇಕಾದ್ದು ಅದನ್ನೇ.