ಡೆಸ್ಕ್‌ಟಾಪ್ ಬದಲಿಗೆ 15.6 ಇಂಚಿನ ಲ್ಯಾಪ್‌ಟಾಪ್ ಸಾಕಾ?

(ಕಾಸರಗೋಡು ಕಡೆಯ ಒಬ್ಬರ ಪ್ರಶ್ನೆ, ಉಳಿದವರ ಉತ್ತರ. ಹೆಸರಿನ ಬದಲು ಅವರವರ ಊರು.)

ಬದಿಯಡ್ಕ: ಹಳೆಯ ಡೆಸ್ಕ್‌ಟಾಪ್ ಕೈಕೊಟ್ಟಿದೆ. ಕನ್ನಡ, ಮಲಯಾಳಂ ಪುಟವಿನ್ಯಾಸ, ಲೆಕ್ಕಪತ್ರ, ಸ್ವಲ್ಪ ಫೋಟೊ ಕೆಲಸ. 60,000 ರೂಪಾಯಿ ಒಳಗೆ ಅಗಲ ಪರದೆಯ ಲ್ಯಾಪ್‌ಟಾಪ್ ಆದೀತಾ? ಮೇಜಿನಿಂದ ಕದಲಿಸುವುದಿಲ್ಲ.

ಕುಂಬಳೆ: ಅಗಲ ಅಂತ ಹೇಳಿ ಮಾರುತ್ತಾರೆ, ಕೊರತೆ ಇರುವುದು ಎತ್ತರದಲ್ಲಿ. ಅಗಲ-ಎತ್ತರ 16:9 ಅನುಪಾತದಲ್ಲಿರುವ 15.6 ಇಂಚಿನ ಪರದೆಯ ಅಳತೆ 34.5 × 19.4 ಸೆ.ಮೀ. 16 ಇಂಚಿನ 16:10 ಪರದೆಗೂ ಅಗಲ ಅಷ್ಟೇ, ಎತ್ತರ ಮಾತ್ರ 21.5. ಪುಟ ಕಟ್ಟುವವರಿಗೆ ಆ 2 ಸೆ.ಮೀ. ಬೇಕೇ ಬೇಕು. ಇನ್ನು ಬಣ್ಣ. ವಿವರಪಟ್ಟಿಯಲ್ಲಿ 45 ಶೇಕಡಾ ಎನ್‌ಟಿಎಸ್‌ಸಿ (ಪರದೆ ಎಷ್ಟು ಬಣ್ಣ ತೋರಿಸುತ್ತದೆ ಎಂಬ ಅಳತೆ) ಅಂತ ಕಂಡರೆ ಅಲ್ಲಿಗೇ ಬಿಡಿ. ಎಸ್‌ಆರ್‌ಜಿಬಿ, ಅಂದರೆ ಪರದೆಗಳ ಸಾಮಾನ್ಯ ಮಾನದಂಡದ ಬಣ್ಣಗಳ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಅದರಲ್ಲಿ ಕಾಣುತ್ತದೆ. ಪರದೆಯಲ್ಲಿ ಮಂಕಾದ ಕೆಂಪನ್ನು ಏರಿಸುತ್ತಾ ಹೋದರೆ ಅಚ್ಚಿನಲ್ಲಿ ಮುಖಗಳೆಲ್ಲ ಕೆಂಪೇರಿ ಬರುತ್ತವೆ.

ಮಂಜೇಶ್ವರ: ಪರದೆಗಿಂತ ಮೊದಲು ರ‍್ಯಾಮ್ ನೋಡಿ. ಆ 8 ಜಿಬಿ ಕೆಲಸದ ಸ್ಮರಣೆ ಬೋರ್ಡಿಗೆ ಬೆಸುಗೆಯಾಗಿದ್ದು, ಇನ್ನೊಂದು ಹಾಕುವ ಸ್ಲಾಟ್ ಇಲ್ಲದಿದ್ದರೆ ಮುಂದೆ ಏನೂ ಮಾಡಲಾಗದು. ಸ್ಲಾಟ್ ಇದ್ದರೆ 8+8 ಹಾಕಿ. ಜೋಡಿ ಇಲ್ಲದೆ ಒಂದೇ ಚಾನೆಲ್‌ನಲ್ಲಿದ್ದರೆ (ಒಂದೇ ದಾರಿಯಲ್ಲಿ ಓಡಿದರೆ) ಇಂಟೆಲ್ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಕೂಡ ಬರೇ ಯುಎಚ್‌ಡಿ, ಅಂದರೆ ಕೆಳದರ್ಜೆಯದ್ದು ಅಂತಲೇ ತೋರಿಸುತ್ತದೆ. ಸದಾ ಪ್ಲಗ್‌ನಲ್ಲೇ ಇರುವ ಯಂತ್ರಕ್ಕೆ ಚಾರ್ಜ್ ಮಿತಿ ಶೇಕಡಾ 80ಕ್ಕೆ ಇಡಲೇಬೇಕು. 100ರಲ್ಲಿ, ಬಿಸಿಯಲ್ಲಿ ತಿಂಗಳುಗಟ್ಟಲೆ ನಿಂತ ಬ್ಯಾಟರಿ ಉಬ್ಬಬಹುದು. ಟಚ್‌ಪ್ಯಾಡ್ ಮೇಲೆದ್ದರೆ, ಕ್ಲಿಕ್ ಗಟ್ಟಿಯಾದರೆ ಅದೇ ಸೂಚನೆ, ಅದೇ ದಿನ ಬ್ಯಾಟರಿ ಬಿಚ್ಚಿಸಿ. ಈ ಮಿತಿ ಇಡುವ ಸೌಲಭ್ಯ ಎಲ್ಲ ಮಾದರಿಯಲ್ಲೂ ಇಲ್ಲ, ಅಂಗಡಿಯಲ್ಲೇ ತೆರೆದು ತೋರಿಸಲು ಹೇಳಿ.

ಮುಳ್ಳೇರಿಯ: ಕದಲಿಸದ ಯಂತ್ರಕ್ಕೆ ಲ್ಯಾಪ್‌ಟಾಪ್ ಎಂತಕ್ಕೆ? ಅದೇ ದುಡ್ಡಿಗೆ ಡೆಸ್ಕ್‌ಟಾಪ್, 24 ಇಂಚಿನ ಮಾನಿಟರ್, 600 ವಿಎ ಯುಪಿಎಸ್ ಮೂರೂ ಬರುತ್ತವೆ. ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಹೋದರೆ ಅದೊಂದನ್ನೇ ಬದಲಿಸಿದರಾಯಿತು.

ಮಂಜೇಶ್ವರ: ಆ ಯುಪಿಎಸ್ ಎಷ್ಟು ಹೊತ್ತು? ಹೆಚ್ಚೆಂದರೆ ಕಾಲು ಗಂಟೆ. ಲ್ಯಾಪ್‌ಟಾಪ್‌ನ 50 ವ್ಯಾಟ್-ಅವರ್ ಬ್ಯಾಟರಿ 12–15 ವ್ಯಾಟ್ ಎಳೆತಕ್ಕೆ ಮೂರು ಗಂಟೆ ದಾಟುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೇಗೆ ಹೋಗುತ್ತದೆ ಅಂತ ನಿಮಗೆ ಗೊತ್ತಿಲ್ಲವಾ?

ಮುಳ್ಳೇರಿಯ: ಗೊತ್ತುಂಟು, ಅದಕ್ಕೇ ಹೇಳುವುದು. ತುಲಾ ಮಳೆಯ ಸಿಡಿಲಿಗೆ ಬೋರ್ಡ್ ಸುಟ್ಟರೆ ಲ್ಯಾಪ್‌ಟಾಪ್‌ನಲ್ಲಿ ಉಳಿಯುವುದೇನು? ಮುರಕಲ್ಲಿನ ಗುಡ್ಡೆಯ ಮೇಲೆ ಬೇಸಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗುತ್ತದೆ. ಮೂರು ಪಿನ್ನಿನ ಚಾರ್ಜರ್‌ಗೆ ಅರ್ಥ್ ಸಿಗದಿದ್ದರೆ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುತ್ತದೆ. ಗುಂಡಿಗೆ ನೀರು ಹಾಕಿ. ಗುಡುಗು ಹತ್ತಿರವಾಗುವ ಮೊದಲೇ ಕೀಳಿ. ಚಾರ್ಜರ್ ಮಾತ್ರ ಕಿತ್ತರೆ ಸಾಲದು, ರೂಟರ್‌ನಿಂದ ಬರುವ ಲ್ಯಾನ್ ವಯರ್ ಕೂಡ ಕೀಳಬೇಕು.

ಕುಂಬಳೆ: ಸಿಡಿಲು ಡೆಸ್ಕ್‌ಟಾಪ್ ಅಂತ ನೋಡಿ ಬಿಡುತ್ತದಾ? ಹೆದರಿಸಬೇಡಿ. ಲ್ಯಾಪ್‌ಟಾಪ್ ತೆಗೆದು ಮಾನಿಟರ್ ಸೇರಿಸಿದರೆ ಎರಡೂ ಆಯಿತು. ಮಾನಿಟರ್ ಜೋಡಿಸುವ ಎಚ್‌ಡಿಎಂಐ ಕಿಂಡಿ 1.4 ಇದ್ದರೆ 4ಕೆ ಮಾನಿಟರ್‌ಗೆ 30 ಹರ್ಟ್ಸ್ (ಸೆಕೆಂಡಿಗೆ 30 ಚಿತ್ರ) ಮಾತ್ರ, ಮೌಸ್ ಎಳೆದೆಳೆದು ಬರುತ್ತದೆ. 2.0 ಬೇಕು. ಮುಚ್ಚಳ ಮುಚ್ಚಿ ಓಡಿಸಬೇಡಿ, ಬಿಸಿ ಕೀಲಿಮಣೆಯ ಕಡೆಯಿಂದಲೂ ಹೊರಹೋಗಬೇಕು.

ನೀರ್ಚಾಲು: ಕೇಳಿದವರು ಎರಡು ಭಾಷೆ ಟೈಪ್ ಮಾಡುವವರು, ಅದನ್ನು ಯಾರೂ ನೋಡಲೇ ಇಲ್ಲ. ನುಡಿ ತಂತ್ರಾಂಶದ ಕೀಲಿಮಣೆ ಬಿಟ್ಟು, ಭಾರತದ ಭಾಷೆಗಳಿಗೆಲ್ಲ ಒಂದೇ ಜೋಡಣೆಯ ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿಯಿರಿ. ಕನ್ನಡದ ಕ ಇರುವ ಕೀಲಿಯಲ್ಲೇ ಮಲಯಾಳಂನ ಕ ಕೂಡ.

ಮುಳ್ಳೇರಿಯ: ಇಪ್ಪತ್ತು ವರ್ಷ ನುಡಿಯಲ್ಲಿ ಓಡಿದ ಬೆರಳಿಗೆ ಹೊಸ ಕೀಲಿಮಣೆ ಹೇರಬೇಡಿ. ನುಡಿಯಲ್ಲೂ ಯುನಿಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಅಕ್ಷರ ಸಂಕೇತ) ಉಂಟು.

ನೀರ್ಚಾಲು: ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನ ಕಡತಗಳದ್ದೇ ತೊಂದರೆ, ಫಾಂಟ್ ಬದಲಿಸಿದ ಕೂಡಲೇ ಅಕ್ಷರ ಹಾಳು. ಹೊಸ ಯಂತ್ರಕ್ಕೆ ಹಾಕುವ ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಒಂದೊಂದಾಗಿ ನೋಡಿ. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ.