ಸಂಘದ ದುಡ್ಡು ಯಾರ ಫೋನಿಗೆ ಬರಬೇಕು? ಕ್ಯೂಆರ್, ಪೇಮೆಂಟ್ ಲಿಂಕ್, ಪ್ರಚಾರ: ಪ್ರಶ್ನೋತ್ತರ

ಪ್ರಶ್ನೆ | ಮಹಿಳಾ ಸಂಘದ ಕಾರ್ಯದರ್ಶಿ, ಕುಷ್ಟಗಿ ತಾಲ್ಲೂಕು

ನಮಸ್ಕಾರ ಸರ್. ನಮ್ಮದು 14 ಹೆಣ್ಣುಮಕ್ಕಳ ಸ್ವಸಹಾಯ ಸಂಘ. ಜೋಳದ ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತೇವೆ. ಮೊದಲೆಲ್ಲ ಸಂತೆ, ಜಾತ್ರೆ ಅಷ್ಟೇ ಇತ್ತು. ಈಗ ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಫೋನ್ ಮಾಡಿ ತರಿಸಿಕೊಳ್ಳುತ್ತಾರೆ. ತಿಂಗಳಿಗೆ 60 ಸಾವಿರದ ಹತ್ತಿರ ವ್ಯಾಪಾರ ಆಗುತ್ತದೆ. ದುಡ್ಡೆಲ್ಲ ನನ್ನ ಫೋನ್ ನಂಬರಿಗೇ ಬರುತ್ತದೆ.

ಮೊನ್ನೆ ಒಬ್ಬರು ಬಂದು ವೆಬ್‌ಸೈಟ್, ಪೇಮೆಂಟ್ ಗೇಟ್‌ವೇ, ಫೇಸ್‌ಬುಕ್ ಪ್ರಚಾರ ಎಲ್ಲ ಸೇರಿ 35 ಸಾವಿರ ಅಂದರು. ಆಮೇಲೆ ವರ್ಷಕ್ಕೆ 12 ಸಾವಿರ ಬೇರೆ. ಸಂಘದ ಖಾತೆಗೆ ಯುಪಿಐ ಮಾಡಿಸೋಣ ಅಂತ ಬ್ಯಾಂಕಿಗೆ ಹೋದರೆ, ಎರಡು ಸಹಿ ಇರುವ ಖಾತೆಗೆ ಆಗಲ್ಲ ಎಂದು ವಾಪಸ್ ಕಳಿಸಿದರು. ಏನು ಮಾಡಬೇಕು?

ಉತ್ತರ | ಲೆಕ್ಕಪತ್ರ ಸಲಹೆಗಾರ, ಬಳ್ಳಾರಿ

35 ಸಾವಿರದ ಮಾತು ಸದ್ಯಕ್ಕೆ ಬಿಡಿ ಅಕ್ಕ. ನೀವು ಬರೆದದ್ದರಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು "ದುಡ್ಡೆಲ್ಲ ನನ್ನ ಫೋನ್ ನಂಬರಿಗೇ ಬರುತ್ತದೆ" ಎನ್ನುವ ಸಾಲು. ತಿಂಗಳಿಗೆ 60 ಸಾವಿರ ಅಂದರೆ ವರ್ಷಕ್ಕೆ 7 ಲಕ್ಷ 20 ಸಾವಿರ. ಊರಿಗೆಲ್ಲ ಅದು ಸಂಘದ ದುಡ್ಡು ಅಂತ ಗೊತ್ತು. ಆದರೆ ಕಾಗದದ ಮೇಲೆ ಅದು ನಿಮ್ಮ ದುಡ್ಡು, ನಿಮ್ಮ ಪ್ಯಾನ್ ನಂಬರಿನ ಲೆಕ್ಕಕ್ಕೆ ಹೋಗುತ್ತದೆ. ನಾಳೆ ಯಾರಾದರೂ ಕೇಳಿದರೆ ಯಾವುದು ರೊಟ್ಟಿ ದುಡ್ಡು, ಯಾವುದು ನಿಮ್ಮ ತಮ್ಮ ಕಳಿಸಿದ್ದು, ಯಾವುದು ಚೀಟಿ ದುಡ್ಡು ಎಂದು ಒಂದೊಂದಾಗಿ ಬಿಡಿಸಿ ಹೇಳಬೇಕು. ಇಷ್ಟು ವರ್ಷದಲ್ಲಿ ನಾನು ನೋಡಿದ ಸಂಘಗಳ ಜಗಳದಲ್ಲಿ ಹೆಚ್ಚಿನವು ಶುರುವಾಗಿದ್ದು ಲೆಕ್ಕ ಒಬ್ಬರ ಫೋನಿನೊಳಗೆ ಸಿಕ್ಕಿಕೊಂಡಾಗಲೇ.

ಬ್ಯಾಂಕಿನವರು ಹೇಳಿದ್ದು ಅರ್ಧ ನಿಜ. ಇಬ್ಬರು ಸೇರಿ ಸಹಿ ಮಾಡಬೇಕಾದ ಖಾತೆಯಿಂದ ಯುಪಿಐ ಮೂಲಕ ದುಡ್ಡು ಕಳಿಸಲು ಆಗುವುದಿಲ್ಲ. ಯಾಕೆಂದರೆ ಪಿನ್ ಒತ್ತುವುದು ಒಬ್ಬರೇ. ಆದರೆ ದುಡ್ಡು ಪಡೆಯಲು ಪಿನ್ ಬೇಕಿಲ್ಲವಲ್ಲ. ಹಾಗಾಗಿ ಬ್ಯಾಂಕಿನಲ್ಲಿ "ಯುಪಿಐ ಮಾಡಿಕೊಡಿ" ಅನ್ನಬೇಡಿ. "ಸಂಘದ ಖಾತೆಗೆ ವ್ಯಾಪಾರಿ ಕ್ಯೂಆರ್ ಬೇಕು, ದುಡ್ಡು ಬರೋದಕ್ಕೆ ಮಾತ್ರ" ಎಂದು ಕೇಳಿ. ದುಡ್ಡು ಸುಲಭವಾಗಿ ಒಳಗೆ ಬರಬೇಕು, ಹೊರಗೆ ಹೋಗಲು ಎರಡು ಸಹಿ ಬೇಕು. ಸಂಘಕ್ಕೆ ಇದಕ್ಕಿಂತ ಒಳ್ಳೆಯ ಬೀಗ ಇನ್ಯಾವುದಿದೆ?

ಹೋಗುವಾಗ ಸಂಘದ ಹೆಸರಿನ ಪ್ಯಾನ್, ಬೈಲಾ, ಕ್ಯೂಆರ್ ಪಡೆಯಲು ಒಪ್ಪಿದ ಠರಾವಿನ ಪ್ರತಿ, ಪದಾಧಿಕಾರಿಗಳ ಆಧಾರ್ ಇಟ್ಟುಕೊಳ್ಳಿ. ವ್ಯಾಪಾರಕ್ಕೆ ಕರೆಂಟ್ ಖಾತೆಯೇ ಬೇಕು ಅನ್ನಬಹುದು. ಹಾಗಂದರೆ ಕನಿಷ್ಠ ಎಷ್ಟು ಬ್ಯಾಲೆನ್ಸ್ ಇಡಬೇಕು, ಕಡಿಮೆಯಾದರೆ ದಂಡ ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ. ಒಂದು ಶಾಖೆಯಲ್ಲಿ ಆಗದಿದ್ದರೆ ಇನ್ನೊಂದು ಬ್ಯಾಂಕು ನೋಡಿ.

ಖರ್ಚಿನ ವಿಷಯ. ಗಿರಾಕಿ ತಮ್ಮ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವಂತಿಲ್ಲ. 2020ರ ಜನವರಿ 1ರಿಂದ ಹೀಗಿದೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡು ದೊಡ್ಡ ಮೊತ್ತ ಕೊಟ್ಟರೆ ಶುಲ್ಕ ಬೀಳುತ್ತದೆ. ಸಣ್ಣ ವ್ಯಾಪಾರಿಗೆ 2 ಸಾವಿರ ರೂಪಾಯಿವರೆಗೆ ಅದೂ ಇಲ್ಲ. ನಿಮ್ಮ ರೊಟ್ಟಿ ಆರ್ಡರ್ ಅಷ್ಟು ಮೊತ್ತಕ್ಕೆ ಹೋಗುವುದೇ ಅಪರೂಪ.

ಈಗ ಗೇಟ್‌ವೇ, ಅಂದರೆ ಗಿರಾಕಿಯಿಂದ ಆನ್‌ಲೈನ್‌ನಲ್ಲಿ ದುಡ್ಡು ಪಡೆದು ನಿಮ್ಮ ಖಾತೆಗೆ ಹಾಕುವ ಕಂಪನಿಗಳ ಲೆಕ್ಕ. ರೇಜರ್‌ಪೇ, ಕ್ಯಾಶ್‌ಫ್ರೀ, ಇನ್‌ಸ್ಟಾಮೋಜೊ ಎಲ್ಲ ಬೆಂಗಳೂರಿನ ಕಂಪನಿಗಳೇ, ಒಳ್ಳೆಯ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಶೇ 2ರ ಆಸುಪಾಸು ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ. ಶೇ 2 ಎಂದೇ ಹಿಡಿಯಿರಿ. 400 ರೂಪಾಯಿಯ ಆರ್ಡರಿಗೆ 9 ರೂಪಾಯಿ 44 ಪೈಸೆ ಹೋಗುತ್ತದೆ. ಸುಮ್ನೆ ನೋಡಿದರೆ ಸಣ್ಣದು. ನಿಮ್ಮ ಇಡೀ ವರ್ಷದ ವ್ಯಾಪಾರ ಅದರ ಮೂಲಕವೇ ಬಂದರೆ 16,992 ರೂಪಾಯಿ. ಬಿಟ್ಟಿ ಬರುವ ಕ್ಯೂಆರ್ ಇರುವಾಗ ಇದು ಯಾಕೆ? ಮುಂದೆ ಯಾರಾದರೂ ಕ್ರೆಡಿಟ್ ಕಾರ್ಡಿನಲ್ಲೇ ಕೊಡುತ್ತೇನೆ ಎಂದು ಹಟ ಹಿಡಿದಾಗ ಈ ಕಂಪನಿಗಳ ಪೇಮೆಂಟ್ ಲಿಂಕ್ ಸಾಕು. ವಾಟ್ಸ್‌ಆಪ್‌ನಲ್ಲಿ ಲಿಂಕ್ ಕಳಿಸಿದರೆ ಆಯಿತು, ಅದಕ್ಕೆ 35 ಸಾವಿರದ ವೆಬ್‌ಸೈಟ್ ಬೇಕಿಲ್ಲ.

ಪ್ರಶ್ನೆ | ಜೀನ್ಸ್ ಹೊಲಿಗೆ ಘಟಕ, ಬಳ್ಳಾರಿ

ಅಣ್ಣಾ, ಖಾತೆಗೆ ಎಲ್ಲ ಬಂದರೆ ಜಿಎಸ್‌ಟಿ ನೋಟಿಸ್ ಬರುತ್ತೆ ಅಂತಾರೆ. ಕಳೆದ ಸಲದ ಗಲಾಟೆ ನೋಡಿ ನಾನು ಕ್ಯೂಆರ್ ತೆಗೆದು ಒಳಗಿಟ್ಟಿದ್ದೇನೆ. 40 ಲಕ್ಷದವರೆಗೆ ಚಿಂತೆ ಇಲ್ಲ ಅಲ್ವಾ?

ಉತ್ತರ

ನೀವು ಹೇಳುತ್ತಿರುವುದು 2025ರ ಜುಲೈ ವಿಷಯ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳವರು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಬೋರ್ಡ್ ಹಾಕಿದರು. ಆದರೆ ಜಿಎಸ್‌ಟಿ ನೋಂದಣಿಯ ಮಿತಿ ಇರುವುದು ವರ್ಷದ ಒಟ್ಟು ವಹಿವಾಟಿಗೆ. ಕೈಗೆ ಬಂದ ನಗದೂ ಅದರಲ್ಲಿ ಸೇರುತ್ತದೆ. ಕ್ಯೂಆರ್ ಅಡಗಿಸಿಟ್ಟರೆ ವಹಿವಾಟು ಕಡಿಮೆ ಆಗುವುದಿಲ್ಲ, ಗಿರಾಕಿ ಮಾತ್ರ ಕಡಿಮೆ ಆಗುತ್ತಾರೆ.

ಇನ್ನು 40 ಲಕ್ಷ. ಅದು ಸರಕು ಮಾರುವವರಿಗೆ. ನೀವು ಸ್ವಂತ ಬಟ್ಟೆ ತಂದು ಪ್ಯಾಂಟ್ ಹೊಲಿದು ಮಾರುತ್ತೀರೋ, ಬೇರೆಯವರು ಕತ್ತರಿಸಿ ಕೊಟ್ಟ ಬಟ್ಟೆಯನ್ನು ಪೀಸ್ ಲೆಕ್ಕದಲ್ಲಿ ಹೊಲಿದು ಕೊಡುತ್ತೀರೋ? ಕೂಲಿ ಹೊಲಿಗೆ ಆದರೆ ಅದು ಸೇವೆ. ಮಿತಿ 20 ಲಕ್ಷ. ನಮ್ಮೂರಿನ ಅರ್ಧಕ್ಕರ್ಧ ಘಟಕಗಳು ಎಡವುವುದು ಇಲ್ಲೇ.

ಕುಷ್ಟಗಿ ಅಕ್ಕನವರೂ ಇದನ್ನು ಓದಿ. ಬೆಂಗಳೂರಿಗೆ ಕಳಿಸುವುದು ರಾಜ್ಯದ ಒಳಗಿನ ಮಾರಾಟ. ಆದರೆ ಹೈದರಾಬಾದಿಗೋ ಆದೋನಿಗೋ ಒಂದು ಡಬ್ಬಿ ಚಟ್ನಿಪುಡಿ ಕಳಿಸಿದರೂ ಅದು ಹೊರರಾಜ್ಯದ ಮಾರಾಟ. ತೆರಿಗೆ ಇರುವ ಸರಕನ್ನು ಹಾಗೆ ಮಾರಲು ವಹಿವಾಟು ಎಷ್ಟೇ ಇರಲಿ, ಜಿಎಸ್‌ಟಿ ನೋಂದಣಿ ಬೇಕು. ನಮಗೆ ಆದೋನಿ ಪಕ್ಕದ ಊರು, ಕಾನೂನಿಗೆ ಅದು ಬೇರೆ ರಾಜ್ಯ. ಸರ್ಕಾರದ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಈ ವಿಷಯದಲ್ಲಿ ವಿನಾಯಿತಿ ಇದೆ. ಕಿನ್ನಾಳದ ಮರದ ಗೊಂಬೆ ಮಾಡುವವರು ಯಾರಾದರೂ ಇಲ್ಲಿದ್ದರೆ ಬರೆಯಿರಿ, ಅದರ ಷರತ್ತು ಬೇರೆಯಾಗಿ ಹೇಳುತ್ತೇನೆ.

ಪ್ರಶ್ನೆ | ಗ್ರಂಥಾಲಯ ಟ್ರಸ್ಟ್, ರಾಯಚೂರು

ಸರ್, ನಾವು ಮಾರುವುದೇನೂ ಇಲ್ಲ. ದೇಣಿಗೆಯಲ್ಲೇ ನಡೆಯುವ ಓದುವ ಮನೆ ನಮ್ಮದು. ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ 80ಜಿ ಮಾನ್ಯತೆ ಇದೆ. ಗೋಡೆಗೆ ಕ್ಯೂಆರ್ ಹಾಕಿದ್ದೇವೆ. ದುಬೈನಲ್ಲಿರುವ ಒಬ್ಬರು, ಅಮೆರಿಕದಲ್ಲಿರುವ ಒಬ್ಬರು ಕೊಡುತ್ತೇವೆ ಅಂದಿದ್ದಾರೆ. ತೆಗೆದುಕೊಳ್ಳಬಹುದಾ?

ಉತ್ತರ

ಕೊಡುವವರು ಎಲ್ಲಿ ಇದ್ದಾರೆ ಅನ್ನುವುದಕ್ಕಿಂತ ಅವರ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟ್ ಇದೆ ಎಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡವರಾದರೆ, ಓಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ, ಹುಟ್ಟಿದ್ದು ರಾಯಚೂರಿನಲ್ಲೇ ಆದರೂ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಕಷ್ಟ, ಆದರೂ ಅನ್ನಲೇಬೇಕು.

ಗೋಡೆಯ ಕ್ಯೂಆರ್ ಬಗ್ಗೆ ಇನ್ನೊಂದು ಮಾತು. ಅದರಿಂದ ನಿಮಗೆ ಸಿಗುವುದು ಹೆಸರು ಮತ್ತು ಮೊತ್ತ. ಆದರೆ 80ಜಿ ಪಡೆದ ಸಂಸ್ಥೆ ವರ್ಷ ಮುಗಿದ ಮೇಲೆ ಮೇ 31ರೊಳಗೆ ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ಅದಕ್ಕೆ ಅವರ ಪ್ಯಾನ್, ವಿಳಾಸ ಬೇಕು. ಮೇ ತಿಂಗಳ ಬಿಸಿಲಿನಲ್ಲಿ ಒಬ್ಬೊಬ್ಬರಿಗೆ ಫೋನ್ ಮಾಡಿ ಪ್ಯಾನ್ ಕೇಳುವ ಪಾಡು ಯಾಕೆ? ಗೂಗಲ್ ಫಾರ್ಮ್ ಬಿಟ್ಟಿ ಸಿಗುತ್ತದೆ. ಅದರಲ್ಲಿ ಹೆಸರು, ಪ್ಯಾನ್, ವಿಳಾಸ, ದುಡ್ಡು ಹಾಕಿದ ವಹಿವಾಟಿನ ನಂಬರ್ ಕೇಳಿ. ದೇಣಿಗೆ ಕ್ಯೂಆರ್ ಪಕ್ಕದಲ್ಲೇ ಆ ಫಾರ್ಮಿನ ಕ್ಯೂಆರ್ ಕೂಡ ಅಂಟಿಸಿ. ನಗದು ಕೊಡುವವರಿಗೆ, 2 ಸಾವಿರ ದಾಟಿದರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ನೋಂದಾಯಿತ ಟ್ರಸ್ಟ್ ಆಗಿರುವುದರಿಂದ ನಿಮಗೆ ಪೋಸ್ಟರ್ ವಿನ್ಯಾಸ ಮಾಡುವ ಕ್ಯಾನ್ವಾ ಆಪ್‌ನ ದುಡ್ಡಿನ ಆವೃತ್ತಿ ಉಚಿತವಾಗಿ ಸಿಗುತ್ತದೆ, ಅರ್ಜಿ ಹಾಕಿ. ಗೂಗಲ್ ಕೂಡ ಇಂಥ ಸಂಸ್ಥೆಗಳಿಗೆ ತಿಂಗಳಿಗೆ 10 ಸಾವಿರ ಡಾಲರ್‌ವರೆಗಿನ ಜಾಹೀರಾತನ್ನು ಉಚಿತವಾಗಿ ಕೊಡುತ್ತದೆ. ಬಾಯಲ್ಲಿ ನೀರು ಬರುತ್ತದೆ, ಅಲ್ವಾ? ಅದಕ್ಕೆ ಸ್ವಂತ ವೆಬ್‌ಸೈಟ್ ಬೇಕು, ಷರತ್ತುಗಳು ಇವೆ, ನೋಡಿಕೊಳ್ಳಲು ಒಬ್ಬರು ಬೇಕು. ಓಣಿಯ ಮಕ್ಕಳು ಬರುವ ಗ್ರಂಥಾಲಯಕ್ಕೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ.

ಪ್ರತಿಕ್ರಿಯೆ | ಬಾಳೆನಾರಿನ ಚೀಲ ಮಾಡುವವರು, ಗಂಗಾವತಿ ತಾಲ್ಲೂಕು

ಕ್ಯೂಆರ್ ಅಂದ ಕೂಡಲೇ ನಮ್ಮದೊಂದು ಕಥೆ ಹೇಳಬೇಕು. ಜಾತ್ರೆಯಲ್ಲಿ ಮಳಿಗೆ ಹಾಕಿದ್ದೆವು. ಗದ್ದಲವೋ ಗದ್ದಲ. ಒಬ್ಬರು 1,800 ರೂಪಾಯಿಯ ಚೀಲ ತೆಗೆದುಕೊಂಡು ಫೋನ್ ತೋರಿಸಿದರು. ಹಸಿರು ಗುರುತು, ನಮ್ಮ ಹೆಸರು, ಎಲ್ಲ ಇತ್ತು. ರಾತ್ರಿ ಲೆಕ್ಕಕ್ಕೆ ಕೂತರೆ ದುಡ್ಡೇ ಬಂದಿಲ್ಲ. ಆವತ್ತಿನ ಲಾಭ ಅಲ್ಲಿಗೇ ಹೋಯಿತು.

ಉತ್ತರ

ಅದು ನಕಲಿ ಆಪ್. ಯಾವ ಹೆಸರು, ಯಾವ ಮೊತ್ತ ಹಾಕಿದರೂ ಹಸಿರು ಗುರುತು ತೋರಿಸುತ್ತದೆ. ಅವರ ಫೋನ್ ನೋಡಬೇಡಿ, ನಿಮ್ಮ ಕಡೆ ಸದ್ದು ಬಂತಾ ನೋಡಿ. ದುಡ್ಡು ಬಂದಿದೆ ಎಂದು ಕೂಗುವ ಸೌಂಡ್‌ಬಾಕ್ಸ್ ಜಾತ್ರೆಗೆ ಬಹಳ ಉಪಯೋಗ. ಆದರೆ ಬಾಡಿಗೆ ಎಷ್ಟು, ಮಳಿಗೆ ಹಾಕದ ತಿಂಗಳೂ ಕಡಿಯುತ್ತಾರಾ ಎಂದು ಕೇಳಿ ತೆಗೆದುಕೊಳ್ಳಿ. ಬೆಳಿಗ್ಗೆ ಮಳಿಗೆ ತೆರೆದ ಕೂಡಲೇ ನಿಮ್ಮ ಕ್ಯೂಆರ್‌ಗೆ ನೀವೇ 1 ರೂಪಾಯಿ ಹಾಕಿ ನೋಡಿ. ರಾತ್ರೋರಾತ್ರಿ ನಿಮ್ಮ ಸ್ಟಿಕರ್ ಮೇಲೆ ಇನ್ನೊಬ್ಬರು ತಮ್ಮದನ್ನು ಅಂಟಿಸಿ ಹೋಗುವುದೂ ಉಂಟು.

ದುಡ್ಡು ಕೊಡುವಾಗ ಪಿನ್ ಬೇಕು, ಪಡೆಯಲು ಬೇಕಿಲ್ಲ. "ದುಡ್ಡು ಹಾಕುತ್ತೇನೆ, ಪಿನ್ ಒತ್ತಿ" ಅಂದವರು ಕಳ್ಳರೇ. ಮೋಸ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮತ್ತೆ ಪ್ರಶ್ನೆ | ಕುಷ್ಟಗಿ ತಾಲ್ಲೂಕಿನ ಕಾರ್ಯದರ್ಶಿ

ಖಾತೆ ವಿಷಯ ತಿಳಿಯಿತ್ರಿ ಸರ್. ಪ್ರಚಾರಕ್ಕೆ ಏನು ಮಾಡಲಿ? ತಿಂಗಳಿಗೆ 1 ಸಾವಿರಕ್ಕಿಂತ ಜಾಸ್ತಿ ಆಗಲ್ಲ.

ಉತ್ತರ

ಮೊದಲ ಮೂರು ತಿಂಗಳು ಆ ಸಾವಿರವನ್ನೂ ಖರ್ಚು ಮಾಡಬೇಡಿ.

ಸಂಘಕ್ಕೆ ಬೇರೆ ಸಿಮ್ ತೆಗೆದುಕೊಂಡು ವಾಟ್ಸ್‌ಆಪ್ ಬಿಸಿನೆಸ್ ಹಾಕಿ. ಬಿಟ್ಟಿ. ನಿಮ್ಮ ಈಗಿನ ಫೋನಿನಲ್ಲೇ ಎರಡೂ ವಾಟ್ಸ್‌ಆಪ್ ನಡೆಯುತ್ತವೆ. ರೊಟ್ಟಿ, ಚಟ್ನಿಗಳ ಫೋಟೊ ಮತ್ತು ದರವನ್ನು ಕ್ಯಾಟಲಾಗ್‌ನಲ್ಲಿ ಇಡಿ. "ರೊಟ್ಟಿ ಎಷ್ಟು ದಿನ ಇರುತ್ತೆ, ಕೊರಿಯರ್ ಎಷ್ಟು" ಅಂತ ದಿನಾ ಹತ್ತು ಜನ ಕೇಳುತ್ತಾರಲ್ಲ, ಅದಕ್ಕೆ ಸಿದ್ಧ ಉತ್ತರ ಬರೆದಿಟ್ಟುಕೊಳ್ಳಬಹುದು. ದುಡ್ಡು ಬಂದವರಿಗೆ, ಪಾರ್ಸಲ್ ಹೋದವರಿಗೆ ಬೇರೆ ಬೇರೆ ಲೇಬಲ್ ಹಚ್ಚಬಹುದು. ಒಂದೇ ಸಂದೇಶವನ್ನು ಒಟ್ಟಿಗೆ ಎಲ್ಲರಿಗೂ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರವರೆಗೆ ಸೇರಿಸಬಹುದು. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. ಹಾಗಾಗಿ ಪ್ರತಿ ಪ್ಯಾಕೆಟ್ಟಿನಲ್ಲೂ "ಈ ನಂಬರ್ ಸೇವ್ ಮಾಡಿಕೊಳ್ಳಿ, ಬಿಸಿ ಬಿಸಿ ಸುದ್ದಿ ಕಳಿಸುತ್ತೇವೆ" ಎಂಬ ಚೀಟಿ ಇರಲಿ. ಆಹಾರ ಪದಾರ್ಥ ಆದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊಡುವ 14 ಅಂಕಿಯ ನಂಬರ್ ಕೂಡ ಪ್ಯಾಕೆಟ್ ಮೇಲೆ ಇರಬೇಕು. ಅದನ್ನು ಮರೆಯಬೇಡಿ.

ಆಮೇಲೆ ಗೂಗಲ್ ಮ್ಯಾಪ್‌ನಲ್ಲಿ ಸಂಘವನ್ನು ಸೇರಿಸಿ. ಅದಕ್ಕೂ ದುಡ್ಡಿಲ್ಲ. "ಗೂಗಲ್‌ನಿಂದ ಮಾತಾಡುತ್ತಿದ್ದೇವೆ, 5 ಸಾವಿರ ಕಟ್ಟಿದರೆ ನಿಮ್ಮ ಹೆಸರು ಮೇಲೆ ಬರುತ್ತದೆ" ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

ಫೋಟೊಗೆ ಯಾರನ್ನೂ ಕರೆಸಬೇಡಿ. ಬೆಳಿಗ್ಗೆ ಕಿಟಕಿ ಪಕ್ಕ, ಕರಿ ಕಂಬಳಿಯ ಮೇಲೆ ರೊಟ್ಟಿ ಜೋಡಿಸಿ ತೆಗೆಯಿರಿ. ರೊಟ್ಟಿ ಬಡಿಯುವ ಕೈಯ ಸಣ್ಣ ವಿಡಿಯೊ, ಜೊತೆಗೆ ಆ ಸಪ್ಪಳ ಇದ್ದರೆ ಸಾಕು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತ ನಮ್ಮ ಕಡೆಯವರಿಗೆ ಅದೇ ಜಾಹೀರಾತು.

ಇದೆಲ್ಲ ಆಗಿ ಹಳೆ ಗಿರಾಕಿಗಳು ಎರಡನೇ ಸಲ ತರಿಸಿಕೊಳ್ಳಲು ಶುರು ಮಾಡಿದ ಮೇಲೆ ಫೇಸ್‌ಬುಕ್ಕಿಗೆ ಕೈ ಹಾಕಿ. ದಿನಕ್ಕೆ 200ರಂತೆ 5 ದಿನ, ಜಿಎಸ್‌ಟಿ ಬೇರೆ; ಸಾವಿರ ದಾಟುವ ಅಷ್ಟನ್ನು ಮೊದಲ ಮೂರು ತಿಂಗಳು ಉಳಿಸಿದ್ದರಲ್ಲಿ ಹೊಂದಿಸಿ. ಲೈಕ್ ಬರಲಿ ಎಂದು ಹಾಕಬೇಡಿ. ಒತ್ತಿದರೆ ನೇರ ನಿಮ್ಮ ವಾಟ್ಸ್‌ಆಪ್ ತೆರೆಯುವ ಹಾಗೆ ಹಾಕಿ. ಐದು ದಿನದಲ್ಲಿ ಎಷ್ಟು ಆರ್ಡರ್ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರದಿದ್ದರೆ ನಿಲ್ಲಿಸಿ.

ಕುಷ್ಟಗಿ ತಾಲ್ಲೂಕಿನ ಕಾರ್ಯದರ್ಶಿ | ಹದಿನೆಂಟು ದಿನದ ನಂತರ

ಸರ್, ಠರಾವು ಬರೆದು ಬೇರೆ ಬ್ಯಾಂಕಿಗೆ ಹೋಗಿದ್ದೆವು. ಕ್ಯೂಆರ್ ಕೊಟ್ಟರು, ಸಂಘದ ಹೆಸರೇ ಬರುತ್ತದೆ. ಒಂದೇ ಒಂದು ಸಣ್ಣ ಪ್ರಶ್ನೆ. ನನ್ನ ನಂಬರಿನ ಹಳೆ ಕ್ಯೂಆರ್ ಸ್ಟಿಕರ್ 200 ಇವೆ. ಪ್ಯಾಕೆಟ್ಟಿಗೆ ಆಗಲೇ ಅಂಟಿಸಿಬಿಟ್ಟಿದ್ದೇವೆ. ಅದರ ಮೇಲೆಯೇ ಹೊಸದನ್ನು ಅಂಟಿಸಿದರೆ ನಡೆಯುತ್ತದಾ?

ಉತ್ತರ

ಬೇಡ ಅಕ್ಕ. ಅಂಚು ಎದ್ದು ಒಳಗಿನದು ಕಂಡರೆ ಗಿರಾಕಿ ಅದನ್ನೇ ಮೋಸ ಅಂದುಕೊಳ್ಳುತ್ತಾರೆ. ಹೋದರೆ 200 ಸ್ಟಿಕರ್ ಹೋಗಲಿ. ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿ.